ಬಳೆಕೋವಿ ದಿಣ್ಣೆಗೆ ಆ ಹೆಸರು ಬಂದದ್ದು

ಜಾಲಿಹಟ್ಟಿಯಿಂದ ಕಾರೇಹಳ್ಳಿಗೆ ಹೋಗುವ ರಸ್ತೆ ಅರ್ಧ ದಾರಿಯಲ್ಲಿ ಒಂದು ದಿಣ್ಣೆ ಹತ್ತಿ ಇಳಿಯುತ್ತದೆ. ಅದೇ ಬಳೆಕೋವಿ ದಿಣ್ಣೆ. ಬೆಟ್ಟ ಎಂದರೆ ಬೆಟ್ಟಕ್ಕೆ ಅವಮಾನ, ದಿಬ್ಬ ಎಂದರೆ ಹತ್ತುವ ಮೊಣಕಾಲಿಗೆ ಅವಮಾನ, ಅಷ್ಟು ಎತ್ತರ. ಬಸ್ಸು ಮುಲುಕುತ್ತಾ ಹತ್ತುತ್ತದೆ, ಇಳಿಯುವಾಗ ಮಾತ್ರ ಡ್ರೈವರಿಗೆ ಎಲ್ಲಿಲ್ಲದ ಹುರುಪು. ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಅದರ ಮೇಲೆ ಯಾವನೋ ಪ್ರೇಮಿ ಸುಣ್ಣದಲ್ಲಿ ಹೃದಯ ಬರೆದು ಬಾಣ ಚುಚ್ಚಿದ್ದಾನೆ. ನೋಡಿದವರಿಗೆ ಅದು ಕಡ್ಡಿ ಚುಚ್ಚಿದ ಬದನೆಕಾಯಿಯಂತೆ ಕಾಣುತ್ತದೆ. ಸುತ್ತ ಲಂಟಾನ, ಕಳ್ಳಿ, ಆಡಿನ ಹಿಕ್ಕೆ. ಹೆಸರು ಕೇಳಿ ಆಸೆಪಟ್ಟು ಬಂದವರು ಕೋವಿ ಎಲ್ಲಿ, ಬಳೆ ಎಲ್ಲಿ ಎಂದು ಸುತ್ತಲೂ ಕಣ್ಣಾಡಿಸಿ, ಏನೂ ಸಿಗದೆ ಒಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸುತ್ತಲ ಹಳ್ಳಿಗಳ ಹಿರಿಯರು ಮಾತ್ರ ಈ ಹೆಸರಿನ ಹಿಂದೆ ಒಬ್ಬ ಪುಕ್ಕಲು ಬಳೆಗಾರನಿದ್ದಾನೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿದು ಈಗ ಯಾರ ಕಾಲ ನಡೆಯುತ್ತಿದೆ ಎಂಬುದು ಯಾರಿಗೂ ಸರಿಯಾಗಿ ತಿಳಿಯದಿದ್ದ ದಿನಗಳಲ್ಲಿ, ಈ ದಿಣ್ಣೆಯ ಮೇಲೆ ಸರ್ಜಪ್ಪ ಎಂಬವನು ಕೂತಿದ್ದನಂತೆ. ಯಾವುದೋ ದಂಡಿನಲ್ಲಿ ಇದ್ದವನು. ದಂಡು ಚೆದುರಿದಾಗ ಉಳಿದವರು ಚೊಂಬು, ಕಂಬಳಿ ಎತ್ತಿಕೊಂಡು ಊರಿಗೆ ಹೋದರೆ ಇವನು ಒಂದು ಕೋವಿ ಎತ್ತಿಕೊಂಡು ಬಂದ. ಜೊತೆಗೆ ದೊಣ್ಣೆ ಹಿಡಿದ ಇಬ್ಬರು ಬಂಟರು. 'ದಾರಿ ಕಾಯುತ್ತೇವೆ' ಎಂದು ಹೇಳಿಕೊಳ್ಳುತ್ತಿದ್ದರು. ಅವರಿಂದಲ್ಲದೆ ಆ ದಾರಿಗೆ ಬೇರೆ ಯಾರ ಭಯವೂ ಇರಲಿಲ್ಲ. ಬಂದವರನ್ನು ನಿಲ್ಲಿಸಿ, ಒಡವೆ ಬಚ್ಚಿಟ್ಟಿದ್ದಾರೇನೋ ಎಂದು ಸರ್ಜಪ್ಪ ಬುತ್ತಿಯ ಗಂಟಿನೊಳಕ್ಕೆ, ಅಂಬಲಿಯ ಮಡಕೆಯೊಳಕ್ಕೆ, ಮಲಗಿದ ಕೂಸಿನ ಕೌದಿಯೊಳಕ್ಕೆ ಕೋವಿಯ ಮೂತಿ ತೂರಿಸಿ ಕದಡುತ್ತಿದ್ದ. ಆ ನಳಿಗೆಗೆ ತುಕ್ಕು ಹಿಡಿಯಬಾರದೆಂದು ಯಾವುದೋ ಪ್ರಾಣಿಯ ಕೊಬ್ಬು ಬಳಿದಿರುತ್ತಿತ್ತು. ಅದು ಕೊಳೆತು, ಮದ್ದಿನ ಮಸಿ ಮೆತ್ತಿ, ಹಿಂದಿನವರ ಮುದ್ದೆ, ಸಾರು, ಮಜ್ಜಿಗೆ ಎಲ್ಲವೂ ಅಂಟಿ ಒಣಗಿರುತ್ತಿತ್ತು. ಅಂಥದ್ದು ಒಮ್ಮೆ ಆಡಿದ ಬುತ್ತಿಯನ್ನು ನಾಯಿಗೆ ಹಾಕಿದರೆ ನಾಯಿ ಮೂಸಿ, ಹಾಕಿದವರ ಮುಖವನ್ನೇ ನೋಡುತ್ತಿತ್ತಂತೆ. ದಾರಿಹೋಕರು ಎದುರು ಬಂದವರನ್ನು ಮಳೆ ಬೆಳೆ ಕೇಳುವುದನ್ನೇ ಬಿಟ್ಟು, "ಕೋವಿ ಎದ್ದಿದೆಯೋ, ಮಲಗಿದೆಯೋ?" ಎಂದು ಕೇಳತೊಡಗಿದರು. ಎದ್ದಿದೆ ಎಂದರೆ ಹೊಟ್ಟೆಯಲ್ಲಿ ತಿಂದದ್ದು ನಿಲ್ಲುತ್ತಿರಲಿಲ್ಲ.

ಹಾಗೆ ಹೊಟ್ಟೆ ಕದಡಿಸಿಕೊಂಡವರಲ್ಲಿ ಜಾಲಿಹಟ್ಟಿಯ ಬಳೆಗಾರ ಚೌಡಶೆಟ್ಟಿ ಮೊದಲಿಗ. ಪಟಾಕಿಗೂ ಬೆಚ್ಚುವ ಜೀವ. ಹೆಗಲ ಮೇಲೆ ಬಳೆಯ ಮಲಾರ, ಎಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಹೊರೆ, ಹೊತ್ತು ಹಳ್ಳಿ ಸುತ್ತುವುದು ಅವನ ಕಸುಬು. ಗಾಜು ಹೊತ್ತವನಿಗೆ ಓಡುವ ಭಾಗ್ಯವೂ ಇಲ್ಲವಲ್ಲ! ಹಿಂದಿನ ವರ್ಷ ಕಾರೇಹಳ್ಳಿಯ ಸಿರಿಯಕ್ಕನಿಗೆ ಏಳನೇ ತಿಂಗಳ ಬಳೆ ತೊಡಿಸಲು ಹೊರಟವನು, ದಿಣ್ಣೆಯ ಕೆಳಗೆ ಗಾಳಿಯಲ್ಲಿ ಕೋವಿಗೆ ಕಿಡಿ ತಾಗಿಸುವ ಬತ್ತಿ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲಾರದ ಸಮೇತ ಹಿಂತಿರುಗಿಬಿಟ್ಟಿದ್ದ. ಸಿರಿಯಕ್ಕ ಬರಿಗೈಯಲ್ಲಿ ಹಸೆಯ ಮೇಲೆ ಕೂತು ಬರಿಗೈಯಲ್ಲಿ ಎದ್ದಳು. ಆ ತಿಂಗಳೇ ಅವಳ ಬಸಿರು ಇಳಿದುಹೋಯಿತು. ಇದು ಚೌಡಶೆಟ್ಟಿಯಿಂದ ಆದದ್ದು ಎಂದು ಯಾರೂ ಅನ್ನಲಿಲ್ಲ. ಅವನಿಂದ ಅಲ್ಲ ಎಂದೂ ಯಾರೂ ಅನ್ನಲಿಲ್ಲ. ಆ ಎರಡನೆಯದೇ ಅವನನ್ನು ಒಳಗೊಳಗೆ ಕೊರೆಯುತ್ತಿತ್ತು. ಕೂಸಾಗಿದ್ದಾಗಿನಿಂದ ಅವಳ ಕೈಗೆ ಬಳೆ ಇಳಿಸಿದವನು ಅವನೇ. ಬಳೆಗಾರ ಎಂದರೆ ತವರಿನ ಕಡೆಯವನ ಲೆಕ್ಕ.

ಸಿರಿಯಕ್ಕ ಮತ್ತೆ ಬಸುರಿಯಾಗಿ ಏಳು ತುಂಬಿದಾಗ ಅವಳ ಅಜ್ಜಿಯೇ ಜಾಲಿಹಟ್ಟಿಗೆ ಬಂದಳು. ಮೊಳದುದ್ದದ ಆ ಮುದುಕಿಯನ್ನು ಎಲ್ಲರೂ ಗಿಡ್ಡಜ್ಜಿ ಎನ್ನುತ್ತಿದ್ದರು. ಚೌಡಶೆಟ್ಟಿಯ ಬಾಗಿಲಲ್ಲಿ ನಿಂತು, "ಏಳಲೇ ಶೆಟ್ಟಿ. ಇವತ್ತು ಹೊತ್ತು ಮುಳುಗೋದ್ರೊಳಗೆ ಹುಡುಗಿ ಕೈಗೆ ಹಸಿರು ಗಾಜು ಬೀಳಬೇಕು. ಕರಕೊಂಡು ಹೋಗೋಕೆ ನಾನೇ ಬಂದಿದ್ದೀನಿ" ಎಂದಳು.

"ಕೋವಿ ಎದ್ದಿದೆಯಾ ಅಜ್ಜಿ?"

"ಎದ್ದಿದೆ. ನೀನೂ ಏಳು."

ದಾರಿಯುದ್ದಕ್ಕೂ ಚೌಡಶೆಟ್ಟಿಯ ಮಲಾರ ಕಿಣಿಕಿಣಿ ಅನ್ನುತ್ತಿತ್ತು. ನಡಿಗೆಗಲ್ಲ, ನಡುಕಕ್ಕೆ. ದಿಣ್ಣೆಯ ಬುಡದಲ್ಲಿ ಅದೇ ಸುಟ್ಟ ಬತ್ತಿಯ ನಾತ. ಅವನ ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಗಿಡ್ಡಜ್ಜಿ ಬೈಯಲಿಲ್ಲ, ಅವನ ಪಂಚೆಯ ಚುಂಗು ಹಿಡಿದುಕೊಂಡು ಆಡನ್ನು ಎಳೆದಂತೆ ಎಳೆದುಕೊಂಡು ಹತ್ತಿದಳು ಎನ್ನುತ್ತಾರೆ.

ನೆತ್ತಿಯಲ್ಲಿ ಸರ್ಜಪ್ಪ ಬಂಡೆಯ ಮೇಲೆ ಕಾಲು ಚಾಚಿ, ಕೋವಿಯ ಮೂತಿಯಿಂದಲೇ ಬೆನ್ನು ಕೆರೆದುಕೊಳ್ಳುತ್ತಿದ್ದ. ಬಂದವರನ್ನು ಕಂಡು ಅದೇ ಮೂತಿಯನ್ನು ಗಿಡ್ಡಜ್ಜಿ ಶಾಸ್ತ್ರಕ್ಕೆಂದು ಮಡಿಲಲ್ಲಿ ಕಟ್ಟಿಕೊಂಡಿದ್ದ ಚಿಗಳಿ ತಂಬಿಟ್ಟಿನೊಳಕ್ಕೆ ತೂರಿಸಿ ಒಂದು ಸುತ್ತು ತಿರುವಿದ. ಎಳ್ಳು ಬೆಲ್ಲದ ಮೇಲೆ ಕಪ್ಪು ಜಿಡ್ಡು ಹರಿಯಿತು. ಅಷ್ಟೂ ವರ್ಷ ಕೋವಿ ಎಂದರೆ ಚೌಡಶೆಟ್ಟಿಗೆ ಸಾವು, ಸಿಡಿಲು, ಯಮ. ಹತ್ತಿರದಿಂದ ಕಂಡಾಗ ಅದು ಮೂಗು ಒರೆಸದ ಮಗುವಿನಂತೆ ಸೋರುತ್ತಿದ್ದ ಒಂದು ಹೊಲಸು ಕೊಳವೆ. ಹೆದರಿಕೆ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲೇ ಹೇಸಿಗೆಯೂ ಬಂದು ಕೂತು, ಸ್ವಲ್ಪ ಸರಿದುಕೋ ಎಂದಿತು.

"ಯಾರಿಗೋ ಬಳೆ?" ಎಂದ ಸರ್ಜಪ್ಪ.

"ಬಸುರಿ ಹೆಂಗಸಿಗೆ, ಸ್ವಾಮಿ. ಏಳು ತಿಂಗಳು."

ಸರ್ಜಪ್ಪ ಬಂಟರ ಕಡೆ ತಿರುಗಿ ಕಣ್ಣು ಹೊಡೆದ. "ನನ್ನ ಹೆಂಡ್ತೀನೂ ಬಸುರಿ ಕಣೋ!" ಎಂದು ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟಿದ. "ಹೊಟ್ಟೆ ತುಂಬ ಮದ್ದು, ಗುಂಡು. ಯಾವ ಗಳಿಗೇಲಿ ಹೆರ್ತಾಳೋ ಗೊತ್ತಿಲ್ಲ. ಮೊದಲು ಇವಳಿಗೆ ತೊಡಿಸು. ಶಾಸ್ತ್ರ ಒಂದೂ ತಪ್ಪಬಾರದು. ತಪ್ಪಿದರೆ ನಿನ್ನ ಎದೆ ಮೇಲೇ ಹೆರಿಗೆ!" ಬಂಟರು ದೊಣ್ಣೆ ಊರಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಚೌಡಶೆಟ್ಟಿ ಕೂತ. ಮಲಾರದಿಂದ ಎಳೆಮಕ್ಕಳ ಸಣ್ಣ ಹಸಿರು ಬಳೆ ಐದನ್ನು ಬಿಚ್ಚಿದ. ಹೆಣ್ಣುಮಕ್ಕಳ ಮೃದು ಅಂಗೈ ಹಿಡಿದು ಅಭ್ಯಾಸವಿದ್ದ ಬೆರಳುಗಳು ಆ ಜಿಡ್ಡಿನ ನಳಿಗೆ ಹಿಡಿದಾಗ ಮುದುಡಿಕೊಂಡವು. ಆದರೂ ಕಸುಬು ಕಸುಬೇ. ಕೈ ನಡೆದರೆ ನಾಲಗೆಯೂ ತನ್ನ ಹಳೆಯ ದಾರಿಯಲ್ಲಿ ತಾನೇ ನಡೆಯಿತು. ಬಳೆಗಾರ ಬಸುರಿಗೆ ಬಳೆ ಇಡುವ ಮುಂಚೆ ಗಂಡನ ಹೆಸರು ಕೇಳಿ, ಅವನ ಆಯುಸ್ಸಿನ ಹೆಸರಿನಲ್ಲಿ ಮೊದಲ ಬಳೆ ಇಳಿಸಬೇಕು. ಅದು ಆ ಸೀಮೆಯ ಪದ್ಧತಿ. "ಗಂಡ ಯಾರು?" ಎಂದು ಚೌಡಶೆಟ್ಟಿ ಕೇಳಿಯೇಬಿಟ್ಟ. ಕೇಳಿದ ಮೇಲೆ, ಇದೇನು ಕೇಳಿದೆನಪ್ಪಾ ಎಂದು ಅವನಿಗೇ ಅನ್ನಿಸಿತು.

ಸರ್ಜಪ್ಪನಿಗೆ ಖುಷಿಯೋ ಖುಷಿ. ಎದ್ದು ನಿಂತು, ಮೀಸೆ ತೀಡಿ, ದಿಣ್ಣೆಗೆಲ್ಲ ಕೇಳುವಂತೆ ಕೂಗಿದ: "ಸರ್ಜಪ್ಪ! ಈ ಸರ್ಜಪ್ಪನೇ ಇವಳ ಗಂಡ!"

"ಸರ್ಜಪ್ಪನ ಆಯುಸ್ಸು ಈ ಬಳೆಯಲ್ಲಿರಲಿ" ಎಂದು ಚೌಡಶೆಟ್ಟಿ ಮೊದಲ ಬಳೆ ಇಳಿಸಿದ. ಎರಡು, ಮೂರು, ನಾಲ್ಕು, ಐದು. ಮೂತಿಯ ಹತ್ತಿರ ತುಸು ದಪ್ಪವಿದ್ದ ನಳಿಗೆಯ ಮೇಲೆ ಒಂದೂ ಬಿರುಕು ಬಿಡದಂತೆ ನಯವಾಗಿ ದಾಟಿಸಿ ಕೂರಿಸಿದ. ಗಿಡ್ಡಜ್ಜಿ ಅಷ್ಟರಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬಳೆಗಾರನಿಗಿಂತ ಮೊದಲೇ ಹಿಡಿದಿದ್ದಳು. ಸೆರಗಿನ ತುದಿಯ ಅರಿಶಿನ ಕುಂಕುಮ ಬಿಚ್ಚಿ ಕೋವಿಯ ಹಣೆಗೆ ಹಚ್ಚಿ, "ಮುತ್ತೈದೆಯಾಗಿ ಬಾಳವ್ವ" ಎಂದು ಗಟ್ಟಿಯಾಗಿ ಹರಸಿ, ಬೆರಳುಗಳನ್ನು ಬಂಡೆಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು.

"ಆಯ್ತಲ್ಲ, ಈಗ ಮಲಾರ ಇಲ್ಲಿಟ್ಟು ಹೊರಡಿ" ಎಂದು ಸರ್ಜಪ್ಪ ಕೋವಿ ಎತ್ತಿ ಚೌಡಶೆಟ್ಟಿಯ ಎದೆಗೆ ಹಿಡಿದ. ಹಿಡಿದ ಕೂಡಲೇ ಕೋವಿ ಗಲ್ಲೆಂದಿತು.

ಚೌಡಶೆಟ್ಟಿ ಮಲಾರದ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದನ್ನು ಬಿಟ್ಟರೆ ಆಚೆ ಕಡೆ ಸಿರಿಯಕ್ಕನಿಗೆ ಮತ್ತೊಮ್ಮೆ ಬರಿಗೈ. "ಹಾರಿಸಿ ಸ್ವಾಮಿ" ಎಂದ, ಇಲಿಯ ದನಿಯಲ್ಲಿ. "ಆದರೆ ಗಾಜು ನೋಡಿ. ಕೋವಿ ಅದುರಿದರೆ ಐದೂ ಪುಡಿ. ಮುತ್ತೈದೆ ಬಳೆಯನ್ನ ಬೇಕಂತ ಒಡೆಯೋದು ಯಾವ ದಿನ ಅಂತ ನಿಮಗೆ ನಾನು ಹೇಳಬೇಕೇ? ಗಂಡನ ಹೆಸರನ್ನ ನೀವೇ ಕೂಗಿದ್ರಿ."

ನಗು ನಿಂತಿತು. ಬಂಟರಲ್ಲಿ ಒಬ್ಬ ದೊಣ್ಣೆ ಕೆಳಗಿಳಿಸಿ, "ಸರ್ಜಣ್ಣ, ಬ್ಯಾಡ ಕಣಣ್ಣ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಸರ್ಜಪ್ಪ ಮೂತಿಗೆ ಕೈ ಹಾಕಿ ಬಳೆ ಎಳೆದು ನೋಡಿದ. ಬರಲಿಲ್ಲ. ಜೋರಾಗಿ ಎಳೆಯಲು ಧೈರ್ಯವೂ ಬರಲಿಲ್ಲ. "ತೆಗಿಯೋ ಇದನ್ನ!" ಎಂದು ಅರಚಿದ.

"ತೆಗೀತೀನಿ. ಬಳೆಗಾರ ಬಂದು ಬಳೆ ತೆಗೆಯೋದೂ ಅದೇ ದಿನ, ಸ್ವಾಮಿ."

"ಒಡಿಯಪ್ಪ, ಒಡಿ" ಎಂದಳು ಗಿಡ್ಡಜ್ಜಿ. "ನಿನ್ನ ತಿಥಿಗೆ ವಡೆ ಕರಿಯೋಕೆ ನಾನೇ ಬರ್ತೀನಿ. ಎಣ್ಣೆಗೇನು ಕಡಿಮೆ, ನಿನ್ನ ಹೆಂಡ್ತಿ ಮೈಯಲ್ಲೇ ಸುರೀತಾ ಇದೆ."

ಸರ್ಜಪ್ಪ ಬಸುರಿಯನ್ನು ಹಿಡಿದಂತೆ, ಎಲ್ಲಿ ತಾಗಿಬಿಡುತ್ತದೋ ಎಂದು, ಕೋವಿಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಿಂತೇ ಇದ್ದ. ಇವರಿಬ್ಬರೂ ಅವನ ಮುಂದೆಯೇ ದಿಣ್ಣೆ ಇಳಿದರು.

ಕಾರೇಹಳ್ಳಿ ಮುಟ್ಟಿದಾಗ ಹೊತ್ತು ಮಾರುದ್ದ ಉಳಿದಿತ್ತು. ಹಸೆ ಹಾಕಿತ್ತು, ಸಿರಿಯಕ್ಕ ಕೂತಿದ್ದಳು, ಹೆಂಗಸರು ಬೀದಿ ನೋಡಿ ನೋಡಿ ಹಾಡು ನಿಲ್ಲಿಸಿದ್ದರು. ಚೌಡಶೆಟ್ಟಿ ಹಸೆಯ ಹತ್ತಿರ ಬರಲಿಲ್ಲ. ಬಾವಿಯ ಬಳಿ ಕೂತು ಬೂದಿ ಹಾಕಿ ಕೈ ತಿಕ್ಕಿದ, ಅಂಟುವಾಳ ಹಾಕಿ ತಿಕ್ಕಿದ, ಮಣ್ಣು ಹಾಕಿ ತಿಕ್ಕಿದ. ಮೂಸಿದರೆ ಅದೇ ನಾತ. ಚರ್ಮ ಕಿತ್ತು ಬಂದರೂ ಕೊಬ್ಬಿನ ವಾಸನೆ ಹೋಗಲೊಲ್ಲದು. ಇಂಥ ಕೈಯಲ್ಲಿ ಆ ಹುಡುಗಿಯನ್ನು ಮುಟ್ಟುವುದೇ ಎಂದು ಅವನು ಅಲ್ಲೇ ಕೂತು ಅತ್ತನಂತೆ. ದಿಣ್ಣೆಯ ಮೇಲೆ ಕೋವಿಯ ಮುಂದೆ ಬಾರದ ಅಳು ಬಾವಿಕಟ್ಟೆಯಲ್ಲಿ ಬಂತು. ಗಿಡ್ಡಜ್ಜಿಯಿಂದ ಎಲ್ಲ ಕೇಳಿದ ಸಿರಿಯಕ್ಕ ಹಸೆಯಿಂದ ಎದ್ದಳು. ಹಸೆಯಿಂದ ಏಳಬಾರದು ಎಂದು ನಾಲ್ಕು ಜನ ಕೂಗಿದರೂ ಬಾವಿಯವರೆಗೆ ನಡೆದು ಬಂದು, ಕಲ್ಲಿನ ಮೇಲೆ ಕೂತು ಎರಡೂ ಕೈ ಚಾಚಿದಳು.

"ಜಿಡ್ಡಿದೆ ತಾಯಿ. ಹೋಗ್ತಾ ಇಲ್ಲ" ಎಂದ ಚೌಡಶೆಟ್ಟಿ.

"ಇರಲಿ ಬಿಡು ಶೆಟ್ಟಿಮಾವ. ಬಳೆ ಇಳಿಯೋಕೆ ಎಷ್ಟಾದರೂ ಜಿಡ್ಡು ಬೇಕಲ್ಲ" ಎಂದಳು ಸಿರಿಯಕ್ಕ. ಹೊತ್ತು ಮುಳುಗುವ ಮುಂಚೆ ಎರಡೂ ಕೈಗೆ ಹಸಿರು ತುಂಬಿತು. ಎರಡು ತಿಂಗಳ ಮೇಲೆ ಹೆಣ್ಣು ಕೂಸು ಹುಟ್ಟಿತು, ಹುಟ್ಟುತ್ತಲೇ ಓಣಿ ಹಾರಿಹೋಗುವಂತೆ ಕಿರುಚಿತು ಎನ್ನುತ್ತಾರೆ.

ಸರ್ಜಪ್ಪ ಕೆಲವು ದಿನ ದಿಣ್ಣೆಯ ಮೇಲೆಯೇ ಇದ್ದ. ಆದರೆ ಪೊದೆಯ ಹಿಂದೆ ಅಡಗಿ ಕೂತರೂ ಕೋವಿ ಗಲ್ ಗಲ್ ಅಂದು ತಾನಿರುವುದನ್ನು ಹೇಳಿಬಿಡುತ್ತಿತ್ತು. ದಾರಿಹೋಕರು ಬುತ್ತಿ ಬಚ್ಚಿಡುವುದನ್ನು ಬಿಟ್ಟು, "ಮನೆಯವರು ಹೆಂಗಿದ್ದಾರೆ, ಸರ್ಜಪ್ಪ? ಹೆರಿಗೆ ಆಯ್ತಾ?" ಎಂದು ಕೇಳಿಕೊಂಡು ಹೋಗತೊಡಗಿದರು. ಬಂಟರು ಒಬ್ಬರ ಹಿಂದೆ ಒಬ್ಬರು ಕಾಲು ಕಿತ್ತರು. ಒಂದು ಮುಂಜಾನೆ ಕೋವಿ ಮಾತ್ರ ಬಂಡೆಯ ಮೇಲೆ ಮಲಗಿತ್ತು, ಗಂಡ ಇರಲಿಲ್ಲ. ಎಲ್ಲಿಗೆ ಹೋದನೆಂಬುದನ್ನು ಮೂರು ಊರಿನವರು ಮೂರು ಬಗೆಯಲ್ಲಿ ಹೇಳುತ್ತಾರೆ. ಯಾರೂ ಹುಡುಕಲಿಲ್ಲ ಎಂಬುದನ್ನು ಮಾತ್ರ ಮೂವರೂ ಒಪ್ಪುತ್ತಾರೆ. ಕೋವಿಯನ್ನೂ ಯಾರೂ ಮುಟ್ಟಲಿಲ್ಲ. ಅದರ ಮರದ ಹಿಡಿಯನ್ನು ಗೆದ್ದಲು ತಿಂದಿತು, ಕಬ್ಬಿಣವನ್ನು ಮಳೆ ತಿಂದಿತು.

ಈಗ ಬಂಡೆಯ ತೆಂಕಣ ಮಗ್ಗುಲಲ್ಲಿ ಬಗ್ಗಿ ನೋಡಿದರೆ ಒಂದು ಉದ್ದನೆಯ ತುಕ್ಕಿನ ಕಲೆ ಕಾಣುತ್ತದೆ. ಆಯುಧಪೂಜೆಯ ದಿನ ಆ ಸುತ್ತಿನಲ್ಲಿ ನೇಗಿಲು, ಟ್ರ್ಯಾಕ್ಟರು, ಈಳಿಗೆಮಣೆ, ಕಡೆಗೆ ಸೈಕಲ್ಲಿನ ಪಂಪಿಗೂ ಕುಂಕುಮ ಬೀಳುತ್ತದೆ, ಈ ಕಲೆಗೆ ಮಾತ್ರ ಇಲ್ಲ. ಗೊತ್ತಿಲ್ಲದ ಪ್ರವಾಸಿಗಳು ಯಾರಾದರೂ ಇದೇನೋ ವೀರನ ಗುರುತೆಂದು ಭಕ್ತಿಯಿಂದ ಕುಂಕುಮ ಇಟ್ಟು ಕೈ ಮುಗಿದು ಹೋದರೆ, ಹಿಂದಿನಿಂದ ಹುಲ್ಲು ಹೊತ್ತು ಬರುವ ಹೆಂಗಸು ಹೊರೆ ಇಳಿಸುತ್ತಾಳೆ. ಕುಂಕುಮ ನೆಲಕ್ಕೆ ಬೀಳಬಾರದೆಂದು ಅದನ್ನು ಬೆರಳಿನಿಂದ ಜೋಪಾನವಾಗಿ ತೆಗೆದು ತನ್ನ ಹಣೆಗೆ ಇಟ್ಟುಕೊಳ್ಳುತ್ತಾಳೆ. ಆಮೇಲೆ ಆ ಕಲೆಯ ಮೇಲೆ ಉಗಿದು, ಹೊರೆ ಎತ್ತಿಕೊಂಡು ದಿಣ್ಣೆ ಇಳಿಯುತ್ತಾಳೆ.