ಕೆಂಚಿಯನ್ನು ನೆನೆದ ಇಲಿ

ಸತ್ತ ಪ್ರಾಣಿಗಳ ಲೋಕದಲ್ಲಿ ಒಂದು ನಿಯಮವಿತ್ತು. ಬದುಕಿರುವ ಯಾರಾದರೂ ನೆನೆಯುವ ತನಕ ಅಲ್ಲಿರಬಹುದು. ನೆನಪು ತಗ್ಗಿದಂತೆಲ್ಲ ಮೈ ಕರಗುತ್ತದೆ, ಎಲ್ಲರೂ ಮರೆತರೆ ಪೂರ್ತಿ ಕರಗಿಹೋಗಬೇಕು. ಕೆಂಚಿ ಎಂಬ ಬೆಕ್ಕಿನ ಹಿಂಗಾಲುಗಳು ಆಗಲೇ ಕರಗತೊಡಗಿದ್ದವು. ಅದು ಗಾಬರಿಯಿಂದ ಕಾಗೆಯನ್ನು ಕರೆಯಿತು. ತಿಥಿಯ ಎಡೆ ತಿನ್ನುವ ಕಾಗೆಗೆ ಎರಡೂ ಲೋಕಗಳಲ್ಲಿ ಓಡಾಟವಿರುತ್ತದಲ್ಲ!

“ಕಾಗಣ್ಣಾ, ನನ್ನನ್ನು ಸಾಕಿದ ಸಾವಂತ್ರಮ್ಮ ದಿನವೂ ‘ಕೆಂಚೀ’ ಎಂದು ಕೂಗುತ್ತಾಳೆ. ಆದರೂ ನಾನೇಕೆ ಕರಗುತ್ತಿದ್ದೇನೆ?”

“ನಿನ್ನನ್ನಲ್ಲ ತಾಯಿ, ಹೊಸ ಮರಿಯನ್ನು. ಅದಕ್ಕೂ ನಿನ್ನ ಹೆಸರನ್ನೇ ಇಟ್ಟಿದ್ದಾಳೆ. ನಿನ್ನನ್ನು ನೆನೆಯುವುದು ಈಗ ಒಂದೇ ಜೀವ, ನಿನ್ನಿಂದ ಕಾಲು ಕಚ್ಚಿಸಿಕೊಂಡ ಕುಂಟ ಇಲಿ. ಒಲೆಯ ಬಳಿ ಬಂದಾಗಲೆಲ್ಲ ನಿನ್ನನ್ನು ನೆನೆದು ನಡುಗುತ್ತದೆ. ಆ ಮರಿ ಈಗ ಅದಕ್ಕೇ ಹೊಂಚು ಹಾಕಿದೆ.”

ಕೆಂಚಿ ಕಿರುಚಿತು. “ಮತ್ತೆ ಇಲ್ಲೇಕೆ ನಿಂತಿದ್ದೀಯ? ಹಾರು! ಅದನ್ನು ಉಳಿಸು!”

ಕಾಗೆ ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ಅರಚಿತು. ನೆಗೆಯಲಿದ್ದ ಮರಿ ಬೆಚ್ಚಿ ತಿರುಗಿತು. ಇಲಿ ಬಿಲಕ್ಕೆ ನುಗ್ಗಿ, “ಆ ಹಳೇ ಕೆಂಚಿಯಾಗಿದ್ದರೆ ಇಂಥ ಕೂಗಿಗೆಲ್ಲ ತಿರುಗುತ್ತಿತ್ತೇ? ಇವತ್ತು ನನ್ನ ಕಥೆ ಮುಗಿದೇ ಹೋಗುತ್ತಿತ್ತು!” ಎಂದು ಏದುಸಿರು ಬಿಟ್ಟಿತು.

ಆ ನೆನಪಿಗೆ ಕೆಂಚಿಯ ಮೈಯೆಲ್ಲ ಮತ್ತೆ ಗಟ್ಟಿಯಾಯಿತು. ಅದು ಮುಂಗಾಲು ಜೋಡಿಸಿ, “ಅವತ್ತು ನನ್ನ ಬಾಯಿಂದ ತಪ್ಪಿಸಿಕೊಂಡು ಒಳ್ಳೆಯದು ಮಾಡಿದೆಯಪ್ಪಾ” ಎಂದಿತು.