ಕತ್ತಲಿಗೆ ಮುಂಚೆ ಮುಗಿದ ಫೈನಲ್

ನಮ್ಮ ಬಡಾವಣೆಯ ಮಕ್ಕಳ ಲಕ್ರಾಸ್ ಕ್ಲಬ್ ನಡೆಸುವವರು ಟೈಲರ್ ಸಾಕಮ್ಮ. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ ಅದು. ಮೈದಾನ ಮಾತ್ರ ಚಿಕ್ಕವೀರಯ್ಯನವರ ಖಾಲಿ ಸೈಟು. ಹಾಗಾಗಿ ಕ್ರೀಡೆಯ ಬಗ್ಗೆ ಅವರಿಗೆ ಗೊತ್ತಿಲ್ಲದ್ದೇ ಇಲ್ಲ.

ಫೈನಲ್ ದಿನ ಸಂಜೆ ಮುಖ್ಯ ಅತಿಥಿ ಚಿಕ್ಕವೀರಯ್ಯನವರು ತಡವಾಗಿ ಬಂದು ಅಪ್ಪಣೆ ಕೊಡಿಸಿದರು. "ನನ್ನ ಭಾಷಣ ಮುಗಿಯೋವರೆಗೂ ಆಟ ಶುರು ಮಾಡಕೂಡದು."

ಅವರ ಭಾಷಣ ಕತ್ತಲಿಗೆ ಮುಂಚೆ ಮುಗಿದದ್ದನ್ನು ಕಂಡವರಿಲ್ಲ. ಮೈದಾನದಲ್ಲಿ ದೀಪವಿಲ್ಲ.

"ಆಗಲಿ ಸಾರ್" ಅಂದ ಸಾಕಮ್ಮ ಮೈಕನ್ನು ಜನರ ಎದುರಿಗೆ, ಮಾತಾಡುವವರ ಬೆನ್ನು ಮೈದಾನಕ್ಕಿರುವಂತೆ ಇಟ್ಟರು. ರೆಫರಿಯ ವಿಶಲ್ ಕಿತ್ತುಕೊಂಡು ಕೈಗೊಂದು ಕರವಸ್ತ್ರ ಕೊಟ್ಟರು.

ಚಿಕ್ಕವೀರಯ್ಯನವರು ತಮ್ಮ ಬಾಲ್ಯದಿಂದ ಶುರು ಮಾಡಿದರು. ಬೆನ್ನ ಹಿಂದೆ ರೆಫರಿ ಕರವಸ್ತ್ರ ಬೀಸಿದರು, ಆಟವೂ ಶುರುವಾಯಿತು. "ನಾನು ಕಷ್ಟಪಟ್ಟು ಮೇಲೆ ಬಂದವನು" ಅನ್ನುವಾಗಲೇ ಗೋಲು ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಿಕ್ಕವೀರಯ್ಯನವರ ಕಣ್ಣು ತುಂಬಿ ಬಂತು. ಊರಿಗೆ ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡು ಇನ್ನಷ್ಟು ಎಳೆದರು.

ಕೊನೆಗೆ ತಿರುಗಿ ನೋಡಿದರೆ ಮಕ್ಕಳೆಲ್ಲ ಬೆವರಿ ಏದುಸಿರು ಬಿಡುತ್ತಿದ್ದಾರೆ. "ಏನಮ್ಮ ಇದು?"

"ನಿಮ್ಮ ಮಾತಿನ ಪ್ರಭಾವ ಸಾರ್. ಮಕ್ಕಳಿಗೆ ಕೂತಲ್ಲಿ ಕೂರೋಕೆ ಆಗಲಿಲ್ಲ. ಆಡಿ ಮುಗಿಸಿಬಿಟ್ಟರು. ಕಪ್ ಕೊಟ್ಟುಬಿಡಿ."

ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಗೆದ್ದವರಿಗೆ ಜನ ಚಪ್ಪಾಳೆ ಹೊಡೆದರು. ತೆರೆದ ಬಾಯಿ ಹಾಗೇ ನಗುವಾಯಿತು. ಕಪ್ ಕೊಡುತ್ತಾ ಮೆಲ್ಲಗೆ ಕೇಳಿದರು, "ಭಾಷಣ ಸ್ವಲ್ಪ ಉದ್ದ ಆಯ್ತೇನಮ್ಮ?"

"ಎಲ್ಲಿ ಸಾರ್, ಸಾಲಲಿಲ್ಲ. ಪಂದ್ಯ ಸಮ ಆಗಿ ಇನ್ನಷ್ಟು ಹೊತ್ತು ಆಡಬೇಕಾಗಿದ್ದರೆ ಸಿಕ್ಕಿಹಾಕ್ಕೊಳ್ತಿದ್ವಿ."