ಚರಂಡಿಗೆ ಇಳಿಯುವ ಬೈಕು

ಗದಗಿನ ನರ್ಸ್ ಶಾಂಭವಿ ಹೂಗಾರ ದೂರದ ಊರುಗಳನ್ನು ಸುತ್ತಬೇಕೆಂದು ಭಾರೀ ಬೈಕೊಂದನ್ನು ಕೊಂಡಳು. ಮೊದಲ ಕೆಲವು ತಿಂಗಳು ಸುತ್ತಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ತಿರುವು ಬಂದರೆ ಬೈಕು ಅಂಚಿಗೆ ಸರಿದು ಚರಂಡಿಗೆ ಇಳಿಯುತ್ತಿತ್ತು. ಎತ್ತಲು ದಾರಿಹೋಕರನ್ನು ಕೂಗಬೇಕಾಗುತ್ತಿತ್ತು. ಕೊನೆಗೆ ಬೇಸತ್ತು, ಪಕ್ಕದ ಊರಿನವರೊಬ್ಬರಿಗೆ ಮಾರಿಬಿಡಲು ಅದನ್ನೇ ಏರಿ ಹೊರಟಳು.

"ನಿನಗೆ ನನ್ನ ಮೇಲೆ ಯಾವ ಹಗೆ?" ಎಂದು ದಾರಿಯಲ್ಲಿ ಬೈಕನ್ನು ಕೇಳಿದಳು.

"ಹಗೆಯಿಲ್ಲ ಅಕ್ಕಾ. ನೀವು ಹೇಳಿದ ಕಡೆಗೇ ಹೋಗಿದ್ದೇನೆ," ಎಂದಿತು ಬೈಕು.

"ಚರಂಡಿಗೆ ಹೋಗು ಅಂತ ನಾನು ಯಾವಾಗ ಹೇಳಿದೆ?"

"ಬಾಯಿಂದ ಹೇಳಲಿಲ್ಲ. ಆದರೆ ತಿರುವಿನಲ್ಲಿ ಬೀಳುವ ಭಯಕ್ಕೆ ಚರಂಡಿಯನ್ನೇ ನೋಡುತ್ತೀರಿ. ನಿಮ್ಮ ಕಣ್ಣು ಹೋದತ್ತ ತೋಳು ಹೋಗುತ್ತದೆ, ತೋಳು ಹೋದತ್ತ ನಾನು."

"ತಪ್ಪನ್ನು ನನ್ನ ಮೇಲೆ ಹಾಕಬೇಡ," ಎಂದು ಶಾಂಭವಿ ಗದರಿದಳು.

ಅಷ್ಟರಲ್ಲಿ ಗುಡ್ಡದ ತಿರುವು ಬಂತು. ಎಡಕ್ಕೆ ಆಳವಾದ ಕಂದಕ. ಅವಳ ಕಣ್ಣು ಅದಕ್ಕೇ ಅಂಟಿಕೊಂಡಿತು, ಬೈಕು ಅತ್ತಲೇ ಸರಿಯತೊಡಗಿತು. ಚಕ್ರದ ಕೆಳಗೆ ಅಂಚಿನ ಜಲ್ಲಿ ಸದ್ದು ಮಾಡಿತು.

"ಅಕ್ಕಾ, ನಾನು ಅತ್ತಲೇ ಹೊರಟಿದ್ದೇನೆ," ಎಂದಿತು ಬೈಕು ತಣ್ಣಗೆ.

ಶಾಂಭವಿ ಉಸಿರು ಬಿಗಿಹಿಡಿದು ತಲೆ ಎತ್ತಿದಳು. ತಿರುವಿನಾಚೆ ರಸ್ತೆ ಎಲ್ಲಿ ಕಾಣುತ್ತಿತ್ತೋ ಅಲ್ಲಿಗೆ ಕಣ್ಣು ನೆಟ್ಟಳು. ಬೈಕು ಮೈ ವಾಲಿಸಿ, ಕಂದಕವನ್ನು ಬಿಟ್ಟು, ತಿರುವನ್ನು ದಾಟಿತು.

ಮುಂದಿನ ತಿರುವುಗಳಲ್ಲೂ ಶಾಂಭವಿ ರಸ್ತೆಯನ್ನೇ ನೋಡಿದಳು; ಬೈಕು ಅಂಚಿಗೆ ಸರಿಯಲಿಲ್ಲ. ಕೊಳ್ಳುವವರ ಊರಿನ ಅಡ್ಡದಾರಿ ಬಂದಾಗ ಬೈಕು, "ಇಲ್ಲೇ ತಿರುಗಬೇಕಲ್ಲವೇ?" ಎಂದು ಕೇಳಿತು.

ಶಾಂಭವಿ ನೇರ ರಸ್ತೆಯನ್ನು ನೋಡುತ್ತಿದ್ದಳು. ಬೈಕು ಮತ್ತೆ ಕೇಳದೆ ಅತ್ತಲೇ ನಡೆಯಿತು.